ಊರಿನ ಕಂಪ್ಯೂಟರನ್ನು ಬೆಂಗಳೂರಿನಿಂದ ಎಬ್ಬಿಸಿದ ಬಗೆ

ಈ ಸಲದ ಮಳೆಗಾಲ ಪೂರ್ತಿ, ಶಿರಸಿ ಹತ್ತಿರದ ನಮ್ಮ ಮನೆಯ ಡೆಸ್ಕ್‌ಟಾಪ್ ನಾನು ಬೆಂಗಳೂರಿನಿಂದ ಎಬ್ಬಿಸಿದಾಗಲೆಲ್ಲ ಎದ್ದಿದೆ. ‘ಮಲೆನಾಡಿನ ಕರೆಂಟು, ಹಳ್ಳಿಯ ಇಂಟರ್‌ನೆಟ್ಟು, ಇದು ಆಗುವ ಮಾತಲ್ಲ’ ಎಂದಿದ್ದ ಸಹೋದ್ಯೋಗಿಗಳೇ ಈಗ ತಮ್ಮ ಊರಿನ ಮನೆಗೂ ಮಾಡಿಕೊಡು ಎನ್ನುತ್ತಿದ್ದಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಆ ಯಂತ್ರದಲ್ಲಿರುವುದು ಯಕ್ಷಗಾನದ ಇಡೀ ರಾತ್ರಿಯ ಆಟಗಳ ರೆಕಾರ್ಡಿಂಗ್, ಮೂರು ನಾಲ್ಕು ಟೆರಾಬೈಟ್. ಅಷ್ಟನ್ನು ಕ್ಲೌಡ್‌ನಲ್ಲಿಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನನಗೆ ಒಗ್ಗಲಿಲ್ಲ. ಸದಾ ಚಾಲೂ ಇಟ್ಟುಬಿಡು ಎಂದವರು ಬಹಳ ಮಂದಿ. ಸುಮ್ಮನಿದ್ದರೂ ಅದು 60 ವ್ಯಾಟ್ ಎಳೆಯುತ್ತದೆ. ತಿಂಗಳಿಗೆ 43 ಯೂನಿಟ್, ಅಂದರೆ ₹250ರ ಮೇಲೆ. ಹಣ ಹೋಗಲಿ, ಕರೆಂಟು ಗಳಿಗೆಗೊಮ್ಮೆ ಕೈಕೊಡುವ ಕಡೆ ಹಾರ್ಡ್‌ಡಿಸ್ಕ್‌ಗಳನ್ನು ಹಗಲೂ ರಾತ್ರಿ ತಿರುಗಿಸುತ್ತಿರಲು ಮನಸ್ಸಾಗಲಿಲ್ಲ. ಅಪ್ಪಯ್ಯನಿಗೆ ಫೋನ್ ಮಾಡಿ ಗುಂಡಿ ಒತ್ತಿಸೋಣವೆಂದರೆ ಅವರು ಅರ್ಧ ದಿನ ತೋಟದಲ್ಲಿರುತ್ತಾರೆ.

ಆರಿದ ಯಂತ್ರವನ್ನು ಎಬ್ಬಿಸುವುದು ಮ್ಯಾಜಿಕ್ ಪ್ಯಾಕೆಟ್, ಅಂದರೆ ನೆಟ್‌ವರ್ಕ್ ಮೂಲಕ ಕಳಿಸುವ ‘ಏಳು’ ಎಂಬ ಸಂದೇಶ. ಅದಕ್ಕಾಗಿ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ತೆಗೆಯುವುದು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತೆಗೆಯುವುದು ನಿಮಗೆ ಗೊತ್ತಿರುವಂಥದ್ದೇ. ತೊಡಕು ಇರುವುದು ಮನೆಯ ಹೊರಗಿನಿಂದ ಎಬ್ಬಿಸುವುದರಲ್ಲಿ. ನಮ್ಮ ರೂಟರ್‌ಗೆ ಸಿಕ್ಕಿದ್ದ ವಿಳಾಸ 100.64ರ ಸಾಲಿನದು. ಅದು ಸಿಜಿನ್ಯಾಟ್, ಅಂದರೆ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಹಂಚುವ ಏರ್ಪಾಡು. ಅದರ ಹಿಂದೆ ಕುಳಿತು ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಬಂದದ್ದನ್ನು ರೂಟರ್ ಮೂಲಕ ಒಳಗಿನ ಯಂತ್ರಕ್ಕೆ ತಿರುಗಿಸಿ) ಪ್ರಯೋಜನವಿಲ್ಲ. ನಮ್ಮದೇ ಸ್ಥಿರ ಐಪಿಗೆ ಇಂಟರ್‌ನೆಟ್ ಕಂಪನಿಯವರು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೇಳಿದರು. ಕೊಡುವ ಮೊದಲು, ಸಾರ್ವಜನಿಕ ಐಪಿ ಇರುವ ಗೆಳೆಯನ ಮನೆಯಲ್ಲಿ ಪರೀಕ್ಷಿಸಿದೆ. ಯಂತ್ರ ಆರಿಸಿದ ಕೂಡಲೇ ಪ್ಯಾಕೆಟ್ ಕಳಿಸಿದರೆ ಏಳುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಕಳಿಸಿದರೆ ಇಲ್ಲ. ಅಷ್ಟರಲ್ಲಿ, ಯಾವ ಐಪಿ ಯಾವ ಯಂತ್ರದ್ದೆಂದು ರೂಟರ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿಯಿಂದ ಆ ಯಂತ್ರದ ಹೆಸರು ಅಳಿಸಿಹೋಗಿ, ಪ್ಯಾಕೆಟ್ ಯಾರಿಗೆ ಕೊಡಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ಸ್ಥಿರ ಐಪಿಯ ಹಣ ಉಳಿಯಿತು.

ಮ್ಯಾಜಿಕ್ ಪ್ಯಾಕೆಟ್ ಮನೆಯೊಳಗೇ ಹುಟ್ಟಬೇಕು. ಹಳೆಯ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರ್ ಒಂದನ್ನು ಎರಡೂವರೆ ಸಾವಿರದ ಆಸುಪಾಸಿಗೆ ತಂದು ರೂಟರ್ ಪಕ್ಕದಲ್ಲಿಟ್ಟು, ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ತಂತ್ರಾಂಶ ಹಾಕಿದೆ. ಅದು ಒಳಗಿನಿಂದಲೇ ಹೊರಗೆ ಸಂಪರ್ಕ ಬೆಳೆಸುವುದರಿಂದ ಸಿಜಿನ್ಯಾಟ್ ಅಡ್ಡಿಯಾಗಲಿಲ್ಲ. ಟೇಲ್‌ಸ್ಕೇಲ್ ಬ್ರಾಡ್‌ಕಾಸ್ಟ್ (ಜಾಲದ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹೋಗುವ ಪ್ಯಾಕೆಟ್) ಸಾಗಿಸುವುದಿಲ್ಲ; ಪೈ ಒಳಗೆ ಹೋಗಿ ಅಲ್ಲಿಂದಲೇ ಮ್ಯಾಜಿಕ್ ಪ್ಯಾಕೆಟ್ ಕಳಿಸುವ ಈಥರ್‌ವೇಕ್ ಓಡಿಸಬೇಕು. ಬೇಸಿಗೆಯೆಲ್ಲ ಸೊಗಸಾಗಿ ನಡೆಯಿತು.

ಆ ವರ್ಷದ ಜೂನ್ ಬಂತು, ನಿಂತಿತು. ಕರೆಂಟು ಪೂರ್ತಿ ಹೋಗಿ ಬಂದ ಮೇಲೆ ನಮ್ಮ ಮದರ್‌ಬೋರ್ಡ್‌ನ ನೆಟ್‌ವರ್ಕ್ ಚಿಪ್ ಕಿವಿ ತೆರೆಯುವುದೇ ಇಲ್ಲ. ವಿಂಡೋಸ್ ಒಮ್ಮೆ ಎದ್ದು ಮಲಗಿದರಷ್ಟೇ ಅದು ಮತ್ತೆ ಕೇಳಿಸಿಕೊಳ್ಳುತ್ತದೆ. ಕರೆಂಟು ಬಂದೊಡನೆ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಇಟ್ಟು ನೋಡಿದೆ. ಆಷಾಢದ ಒಂದು ಸಂಜೆಯಲ್ಲಿ ಕರೆಂಟು ಎಷ್ಟು ಸಲ ಬಂದು ಹೋಯಿತೋ ಅಷ್ಟು ಸಲ ಯಂತ್ರವೂ ಎದ್ದು ಬಿತ್ತು. ಡಿಸ್ಕ್‌ಗಳ ಗತಿ ನೆನೆದು ಅಂದೇ ತೆಗೆಸಿದೆ.

ಕೊನೆಗೆ ಪವರ್ ಗುಂಡಿಯ ಪಿನ್‌ಗಳಿಗೇ ಕೈ ಹಾಕಿದೆ. ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್ ನೋಡ್‌ಎಂಸಿಯು ಒಂದು, ತಂತಿಗಳು ನೇರ ತಾಗದಂತೆ ಬೆಳಕಿನಿಂದ ಸಂಕೇತ ದಾಟಿಸುವ ಪಿಸಿ817 ಆಪ್ಟೋಕಪ್ಲರ್ ಎರಡು. ಎಲ್ಲ ಸೇರಿ ₹400 ಆಗಿರಬಹುದು. ನೋಡ್‌ಎಂಸಿಯುಗೆ ವಿದ್ಯುತ್ತು ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಪೆಟ್ಟಿಗೆಯ) ನೇರಳೆ ತಂತಿಯಿಂದ. ಯಂತ್ರ ಆರಿದ್ದರೂ ಅಲ್ಲಿ 5 ವೋಲ್ಟ್ ಇರುತ್ತದೆ. ಪೈ ಹೇಳಿದಾಗ ಒಂದು ಆಪ್ಟೋಕಪ್ಲರ್ ಗುಂಡಿಯನ್ನು ಅರ್ಧ ಸೆಕೆಂಡ್ ಒತ್ತುತ್ತದೆ, ಇನ್ನೊಂದು ಪವರ್ ದೀಪವನ್ನು ಓದಿ ಯಂತ್ರ ಎದ್ದಿದೆಯೇ ಎಂದು ಪೈಗೆ ತಿಳಿಸುತ್ತದೆ. ಗುಂಡಿಗೆ ನೋಡ್‌ಎಂಸಿಯುನ ಡಿ1 ಅಥವಾ ಡಿ2 ಪಿನ್ ಅನ್ನೇ ಬಳಸಿ. ಉಳಿದವುಗಳಲ್ಲಿ ಕೆಲವು ಬೋರ್ಡ್ ಚಾಲೂ ಆಗುವಾಗ ತಾವಾಗಿ ಮಿಡಿಯುತ್ತವೆ, ಕೇಳದೆಯೇ ಗುಂಡಿ ಒತ್ತಿದಂತಾಗುತ್ತದೆ. ಕರೆಂಟು ಸ್ಥಿರವಾಯಿತೆಂದು ಪೈ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡು ಮಳೆಗಾಲ ತಿಣುಕಿ ಕಂಡುಕೊಂಡದ್ದು, ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಎಸ್‌ಎಂಎಸ್‌ನಿಂದ ಎಬ್ಬಿಸುವ ಹುಚ್ಚೂ ಹತ್ತಿತ್ತು. ಸಿಮ್ ಹಾಕಿ ಎಸ್‌ಎಂಎಸ್ ಪಡೆಯುವ ಸಿಮ್800ಎಲ್ ಎಂಬ ಪುಟ್ಟ ಬೋರ್ಡ್ ತಂದೆ. ಅದಕ್ಕೆ 2ಜಿ ಬೇಕು, ಆದ್ದರಿಂದ ಜಿಯೋ ಸಿಮ್ ನಡೆಯದು. ಸಂದೇಶ ಕಳಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆದು ತಾನೇ ಮರುಚಾಲೂ ಆಗುತ್ತಿತ್ತು. ದೊಡ್ಡ ಕೆಪಾಸಿಟರ್ ಹಾಕಿದ ಮೇಲೆ ಸುಧಾರಿಸಿತು. ಇಂಟರ್‌ನೆಟ್ ತಂತಿ ಮರ ಬಿದ್ದು ಹರಿದ ದಿನಗಳಲ್ಲಿ ಯಂತ್ರ ಎದ್ದಿತು, ಆದರೆ ಎದ್ದ ಯಂತ್ರವನ್ನು ತಲುಪುವ ದಾರಿಯೇ ಇರಲಿಲ್ಲ. ಈಗ ಅದನ್ನು ಅಡಿಕೆ ತೋಟದ ಪಂಪಿಗೆ ಹಾಕಿದ್ದೇನೆ. ಅಲ್ಲಿ ಅದು ನಿಜಕ್ಕೂ ದುಡಿಯುತ್ತಿದೆ.

ರೂಟರ್, ಫೈಬರ್ ಪೆಟ್ಟಿಗೆ ಎರಡಕ್ಕೂ ₹1,400ರ ಸುಮಾರಿನ 12 ವೋಲ್ಟ್ ಪುಟ್ಟ ಯುಪಿಎಸ್ ಇದೆ, ಮೂರು ತಾಸು ಎಳೆಯುತ್ತದೆ. ಕೆಲಸಕ್ಕೆ ಬಂದ ವಸ್ತುಗಳಿಗೆ ಒಟ್ಟು ನಾಲ್ಕೂವರೆ ಸಾವಿರದೊಳಗೆ ಮುಗಿಯಿತು.

ಊರು ಬಿಡುವ ಮೊದಲು ಟೇಲ್‌ಸ್ಕೇಲ್‌ನಲ್ಲಿ ಪೈಯ ಕೀಲಿಯ ಅವಧಿ ಮುಗಿಯದಂತೆ ಬದಲಾಯಿಸಿ. ಹಾಗೆಯೇ ಬಿಟ್ಟರೆ 180 ದಿನಗಳ ಮೇಲೆ ಅದು ಜಾಲದಿಂದ ಹೊರಬೀಳುತ್ತದೆ, ಮತ್ತೆ ಒಳಸೇರಿಸುವವರೆಗೆ ಅದನ್ನು ತಲುಪಲಾಗುವುದಿಲ್ಲ. ಈ ಒಂದು ಸೆಟ್ಟಿಂಗ್ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಯಂತ್ರ ಕೈಗೆ ಸಿಗದು.