ಫ್ರಿಜ್‌ನ ತಂಪನ್ನು ಅಂಕಿಗೆ ತರುವುದು ಹೇಗೆ?

ದೋಸೆಹಿಟ್ಟಿನ ಫ್ರಿಜ್ ಎಷ್ಟು ತಣ್ಣಗಿದೆ ಅಂತ ಬಾಗಿಲು ತೆಗೆಯದೆ ಗೊತ್ತಾಗಬೇಕು. ಮುಂಬೈಯ ಮಾಟುಂಗಾದ ಹೋಟೆಲೊಂದರ ಅಡುಗೆ ಭಟ್ಟರು ನನ್ನನ್ನು ಕೇಳಿದ್ದು ಇಷ್ಟೇ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ ಸಾಮಾನೆಲ್ಲ ಸಿಗುತ್ತದೆ: ಆರ್ಡುಯಿನೋ ಊನೋ ಆರ್3 ಬೋರ್ಡ್ (ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಕಂಪ್ಯೂಟರ್), ಎಲ್‌ಎಂ35 ಎಂಬ ಉಷ್ಣತೆಯ ಸೆನ್ಸರ್, 2 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಒಂದು ಮೀಟರ್ ಶೀಲ್ಡ್ ವೈರ್.

ಮೊದಲು ಬೆಸುಗೆ. ಕೆಪ್ಯಾಸಿಟರನ್ನು ಸೆನ್ಸರಿನ ಪ್ಲಸ್ ಮತ್ತು ಗ್ರೌಂಡ್ ಕಾಲುಗಳ ನಡುವೆ, ರೆಸಿಸ್ಟರನ್ನು ಔಟ್‌ಪುಟ್ ಕಾಲಿಗೆ ಹತ್ತಿಸಿ, ಅದರಾಚೆ ಬೋರ್ಡಿನ ಅನಲಾಗ್ ಪಿನ್ನಿನವರೆಗೆ ವೈರ್ ಎಳೆಯಿರಿ. ಉದ್ದ ವೈರನ್ನು ನೇರವಾಗಿ ಹೊರಲು ಈ ಸೆನ್ಸರಿಗೆ ಆಗದು. ಮೇಲೆ ಹೀಟ್‌ಶ್ರಿಂಕ್ ಸ್ಲೀವ್ ಹಾಕಿ ಫ್ರಿಜ್‌ನ ತಟ್ಟೆಗೆ ಕಟ್ಟಿ. ಹಿಟ್ಟಿನಲ್ಲಿ ಮಾತ್ರ ಮುಳುಗಿಸಬೇಡಿ.

ಇನ್ನು ಮುಖ್ಯ ಕೆಲಸ. ಎಲ್‌ಎಂ35 ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. 4 ಡಿಗ್ರಿಗೆ 40. ಊನೋದ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 10 ಬಿಟ್‌ನದು, ಅಂದರೆ ಅಳತೆಗೋಲಾದ ರೆಫರೆನ್ಸ್ ವೋಲ್ಟೇಜನ್ನು 1024 ಮೆಟ್ಟಿಲಾಗಿ ಹಂಚುತ್ತದೆ. ರೆಫರೆನ್ಸ್ 5 ವೋಲ್ಟ್ ಇದ್ದರೆ ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ನಮ್ಮ 40ಕ್ಕೆ ದಕ್ಕುವುದು ಎಂಟೇ ಮೆಟ್ಟಿಲು. ಪಾವು ಅಕ್ಕಿಯನ್ನು ಕೊಳಗದಲ್ಲಿ ಅಳೆದ ಹಾಗಾಯಿತು! ಅದೂ ಅಲ್ಲದೆ ಯುಎಸ್‌ಬಿಯ 5 ವೋಲ್ಟ್ 4.8ಕ್ಕೆ ಇಳಿದರೆ ಓದು ಶೇ 4ರಷ್ಟು ಮೇಲೇರುತ್ತದೆ, ಫ್ರಿಜ್ ಬದಲಾಗದಿದ್ದರೂ. ಎಷ್ಟೋ ಹುಡುಗರು ಇಲ್ಲಿ ಸೆನ್ಸರನ್ನು ಬೈದು ಬಿಸಾಡುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಹೆಚ್ಚು ಬಿಟ್‌ನ ಚಿಪ್ ಕೊಳ್ಳುವ ಮೊದಲು ಅಳತೆಪಾತ್ರೆ ಬದಲಿಸಿ. ಪ್ರೋಗ್ರಾಮಿನಲ್ಲಿ ಅನಲಾಗ್ ರೆಫರೆನ್ಸನ್ನು 'ಇಂಟರ್ನಲ್' ಮಾಡಿ: 1.1 ವೋಲ್ಟ್, ಮೆಟ್ಟಿಲಿಗೆ 1.07 ಮಿಲಿವೋಲ್ಟ್. ಈಗ 4 ಡಿಗ್ರಿಗೆ 37 ಮೆಟ್ಟಿಲು. ಆದರೆ ಈ 1.1 ಎಂಬುದು ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಇರಬಹುದು. ಈ ರೆಫರೆನ್ಸ್ ಸಿಗುವ ಎರೆಫ್ ಪಿನ್ನಿಗೆ ಮಲ್ಟಿಮೀಟರ್ ಹಿಡಿದು, ಅದು ತೋರಿಸಿದ ಅಂಕಿಯನ್ನೇ ಲೆಕ್ಕಕ್ಕೆ ಬಳಸಿ.

ರೆಫರೆನ್ಸ್ ಬದಲಿಸಿದ ಮೇಲಿನ ಮೊದಲ ಕೆಲವು ಓದುಗಳನ್ನು ಬಿಟ್ಟುಬಿಡಿ. ಗ್ರೈಂಡರ್ ಓಡುವ ಅಡುಗೆಮನೆಯಲ್ಲಿ 50 ಹರ್ಟ್ಸ್‌ನ ಗದ್ದಲ ವೈರಿಗೆ ಹತ್ತುತ್ತದೆ. ಅದರ ಒಂದು ಸುತ್ತು 20 ಮಿಲಿಸೆಕೆಂಡ್; ಅಷ್ಟು ಹೊತ್ತು ಸತತ ಓದಿ ಸರಾಸರಿ ತೆಗೆದರೆ ಏರಿಳಿತಗಳು ಪರಸ್ಪರ ವಜಾ ಆಗುತ್ತವೆ. ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕಾದ್ದರಿಂದ ಹೆಚ್ಚುಕಡಿಮೆ 200 ಓದು ಕೂಡುತ್ತವೆ. ಮೊತ್ತವನ್ನು ಪ್ರೋಗ್ರಾಮಿನಲ್ಲಿ ದೊಡ್ಡ ಸಂಖ್ಯೆ ಹಿಡಿಸುವ 'ಲಾಂಗ್'ನಲ್ಲಿ ಇಡಿ, ಚಿಕ್ಕದಾದ 'ಇಂಟ್' ತುಂಬಿ ಹರಿದೀತು. ಸರಾಸರಿಯನ್ನು ರೆಫರೆನ್ಸ್‌ನಿಂದ ಗುಣಿಸಿ, 1024ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಡಿಗ್ರಿ.

ತಾಳೆ ನೋಡಲು ಮಂಜುಗಡ್ಡೆ ನೀರು ಬೇಡ, ಈ ಜೋಡಣೆಯಲ್ಲಿ ಸೆನ್ಸರ್ 2 ಡಿಗ್ರಿಗಿಂತ ಕೆಳಗೆ ಓದದು. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ, ಸೆನ್ಸರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜ್ವರದ ಥರ್ಮಾಮೀಟರ್ ಪಕ್ಕದಲ್ಲಿಟ್ಟು ನೋಡಿ.

ಭಟ್ಟರಿಗೆ ಅಂಕಿಗಿಂತ ಮುಳ್ಳು ಇಷ್ಟ. ಅದಕ್ಕೆ ಅಂಕಿಯನ್ನು ಮತ್ತೆ ಅನಲಾಗ್ ಮಾಡಬೇಕು. 9ನೇ ಪಿನ್ನಿನ ಪಿಡಬ್ಲ್ಯುಎಂಗೆ (ಕರೆಂಟನ್ನು ಬೇಗಬೇಗ ಆರಿಸಿ ಹತ್ತಿಸುವ ವಿಧಾನ) 5.1 ಕಿಲೋ ಓಮ್ ಮೂಲಕ 1 ಮಿಲಿಆಂಪಿಯರ್‌ನ ಮುಳ್ಳಿನ ಮೀಟರ್ ಜೋಡಿಸಿ. ಸೆಕೆಂಡಿಗೆ 490 ಸಲ ಆರಿ ಹತ್ತುವ ಕರೆಂಟನ್ನು ಮುಳ್ಳು ಹಿಂಬಾಲಿಸಲಾರದೆ ಸರಾಸರಿಯಲ್ಲೇ ನಿಲ್ಲುತ್ತದೆ. 0ರಿಂದ 20 ಡಿಗ್ರಿಯನ್ನು 0ರಿಂದ 255ಕ್ಕೆ ಹೊಂದಿಸಿದರೆ 5 ಡಿಗ್ರಿ ಸ್ಕೇಲಿನ ಕಾಲು ಭಾಗಕ್ಕೆ ಬರುತ್ತದೆ. ಅಲ್ಲೊಂದು ಕೆಂಪು ಗೆರೆ ಎಳೆಯಿರಿ, ಒಲೆಯ ಬಳಿಯಿಂದಲೂ ಕಾಣುವಷ್ಟು ದಪ್ಪಗೆ.