ಮಗಳ ಓದು, ಡೈರಿ ಮತ್ತೆ ಐವತ್ತು ಪೈಸೆ ಕಾರ್ಡು

ಪುಣೆಯಲ್ಲಿ ಯಾವ ಕನ್ನಡದವರ ಮನೆಗೆ ಹೋದ್ರೂ ಒಂದು ಮಾತು ಬಂದೇ ಬರುತ್ತೆ, ಮಕ್ಳು ಕನ್ನಡ ಚೆನ್ನಾಗೇ ಮಾತಾಡ್ತವೆ ಆದ್ರೆ ಓದೋಕೆ ಬರಿಯೋಕೆ ಬರಲ್ಲ ಅಂತ. ನಮ್ಮನೇಲೂ ಅದೇ ಕತೆ ಇತ್ತು. ನಾನು ಶಿವಮೊಗ್ಗ ಕಡೆಯೋಳು, ನಮ್ಮೆಜಮಾನ್ರು ಧಾರವಾಡ, ಮಗಳು ಹುಟ್ಟಿ ಬೆಳೀತಿರೋದು ವಾಕಡ್‌ನಲ್ಲಿ. ಸ್ಕೂಲು ಇಂಗ್ಲಿಷ್ ಮೀಡಿಯಂ, 2020ರ ಕಾಯ್ದೆ ಬಂದ್ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡ್ ಆದ್ರೂ ಮರಾಠಿ ಕಲೀಲೇಬೇಕು, ಜೊತೆಗೆ ಹಿಂದಿ ಬೇರೆ, ಇದರ ಮಧ್ಯೆ ಕನ್ನಡಕ್ಕೆ ಜಾಗ ಎಲ್ಲಿ ಹೇಳಿ. ಈಗ ಅವಳು ನಾಲ್ಕನೇ ಕ್ಲಾಸು. ಕನ್ನಡ ಪುಸ್ತಕ ತಾನೇ ಎತ್ಕೊಂಡು ಓದ್ತಾಳೆ, ಡೈರಿ ಬರೀತಾಳೆ, ಸಣ್ಣಪುಟ್ಟ ಕತೆ ಕಟ್ತಾಳೆ. ಹೇಗ್ ಮಾಡಿದ್ರಿ ಅಂತ ಕೇಳೋರು ಜಾಸ್ತಿ ಆದ್ರು, ಅದಕ್ಕೆ ಒಂದೇ ಸಲ ಬರೆದು ಮುಗಿಸೋಣ ಅಂತ ಕೂತಿದೀನಿ. ನಾನೇನು ಟೀಚರ್ ಅಲ್ಲ, ಹಿಂಜೇವಾಡೀಲಿ ಅಕೌಂಟ್ಸ್ ನೋಡ್ಕೊಳ್ಳೋಳು.

ಮೊದಲು ಓದಿನ ವಿಷಯ. ರಾತ್ರಿ ಮಲಗೋ ಮುಂಚೆ ನಾನು ಜೋರಾಗಿ ಓದೋದು, ಅವಳು ಕೇಳೋದು, ಇದು ಅವಳಿಗೆ ಮಾತು ಬರೋ ಮುಂಚಿಂದಾನೂ ಇತ್ತು. ಬಹಳ ಜನ ಮಗು ಅಕ್ಷರ ಕಲಿತ ತಕ್ಷಣ 'ಈಗ ನೀನೇ ಓದ್ಕೋ' ಅಂತ ಬಿಟ್ಟುಬಿಡ್ತಾರೆ, ಅಲ್ಲೇ ದಾರಿ ತಪ್ಪೋದು ಅಂತ ನನಗನ್ಸುತ್ತೆ. ಮಕ್ಕಳ ಕಿವಿಗೆ ಅರ್ಥ ಆಗೋ ಕತೆ ಅವರ ಕಣ್ಣು ಓದಬಲ್ಲ ಕತೆಗಿಂತ ಎಷ್ಟೋ ಮುಂದಿರುತ್ತೆ, ಅಕ್ಷರ ಕೂಡಿಸಿ ಕೂಡಿಸಿ 'ಬೆಕ್ಕು ಹಾಲು ಕುಡಿಯಿತು' ಅಂತ ಓದೋ ಮಗುಗೆ ರಾಕ್ಷಸನ ಗುಹೆ ಒಳಗೆ ಏನಾಯ್ತು ಅನ್ನೋದೂ ಬೇಕು, ಅದನ್ನ ನಾವು ಓದಿ ಕೊಡಬೇಕು. ನಾನು ಇವತ್ತಿಗೂ ಓದಿ ಹೇಳ್ತೀನಿ. ಕ್ಯಾಬಲ್ಲಿ ಎರಡು ಗಂಟೆ ಟ್ರಾಫಿಕ್ಕಲ್ಲಿ ಕೂತು ಬಂದ ದಿನ ಗಂಟಲಲ್ಲಿ ಸ್ವರಾನೇ ಇರಲ್ಲ, ಆವಾಗ ಸರಿಯಾಗಿ ಗುಹೆ ಬಾಗಿಲಲ್ಲೇ ನಿಲ್ಲಿಸಿ ದೀಪ ಆರಿಸ್ತೀನಿ. ಉಪಾಯ ಅಂತ ಮಾಡಿದ್ದಲ್ಲ, ಸುಸ್ತಿಗೆ ಮಾಡಿದ್ದು, ಆದ್ರೆ ಬೆಳಗ್ಗೆ ಎದ್ದು ನೋಡಿದ್ರೆ ಹಲ್ಲುಜ್ಜೋದು ಬಿಟ್ಟು ಪುಸ್ತಕ ಹಿಡ್ಕೊಂಡು ಕೂತಿರೋಳು.

ಪುಸ್ತಕ ಎಲ್ಲಿಂದ ಅಂತ ಕೇಳ್ತಾರೆ. ಅಪ್ಪಾ ಬಳವಂತ ಚೌಕದಲ್ಲಿ ಹೊಕ್ಕರೆ ಮರಾಠಿ ಇಂಗ್ಲಿಷ್ ಪುಸ್ತಕ ರಾಶಿ ರಾಶಿ, ಕನ್ನಡದ್ದು ಕಣ್ಣಿಗೆ ಬೀಳೋದೇ ಕಮ್ಮಿ. ಊರಿಗೆ ಹೋದಾಗ ಒಂದು ಬ್ಯಾಗು ಪುಸ್ತಕಕ್ಕೆ ಅಂತಾನೇ ಖಾಲಿ ಇಟ್ಕೋತೀವಿ. ಅದು ಮುಗಿದ್ಮೇಲೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕತೆಗಳ ವೆಬ್‌ಸೈಟ್ ಇದೆ, 2015ರಲ್ಲಿ ಶುರುವಾಗಿದ್ದು, ಪೂರ್ತಿ ಫ್ರೀ, ಕನ್ನಡದಲ್ಲೂ ಬೇಕಾದಷ್ಟು ಕತೆ ಇವೆ, ಓದೋ ಮಗುವಿನ ಮಟ್ಟ ನೋಡಿ ನಾಲ್ಕು ಲೆವೆಲ್ ಮಾಡಿದಾರೆ, ಪ್ರಿಂಟ್ ತೆಗೆದು ಪಿನ್ ಹೊಡ್ಕೊಂಡ್ರೂ ಯಾರೂ ಕೇಳಲ್ಲ. ಮೊಬೈಲಲ್ಲೇ ತೋರಿಸಬಹುದು ಆದ್ರೆ ಮೊಬೈಲ್ ಕೈಗೆ ಬಂದ್ರೆ ಕತೆ ಮುಗಿಯೋ ಮುಂಚೆ ಬೆರಳು ಇನ್ನೆಲ್ಲೋ ಹೋಗುತ್ತೆ, ನಿಮಗೇ ಗೊತ್ತಲ್ಲ. ಇನ್ನೊಂದು, ನಮ್ಮವರಿಗೇ ಬಹಳ ಜನಕ್ಕೆ ಗೊತ್ತಿಲ್ದೇ ಇರೋದು, ನಮ್ಮ ಸೇನಾಪತಿ ಬಾಪಟ್ ರಸ್ತೆಯಲ್ಲಿರೋ ಬಾಲಭಾರತಿ, ಅಂದ್ರೆ ಮಹಾರಾಷ್ಟ್ರದ ಸ್ಕೂಲ್ ಪುಸ್ತಕ ಮಾಡೋ ಸಂಸ್ಥೆ, ಕನ್ನಡ ಪಠ್ಯಪುಸ್ತಕಾನೂ ಮಾಡುತ್ತೆ. 1967ರಲ್ಲಿ ಆಗಿದ್ದು ಆ ಸಂಸ್ಥೆ. ಸೋಲಾಪುರ, ಸಾಂಗ್ಲಿ ಗಡಿ ಕಡೆ ಕನ್ನಡ ಶಾಲೆಗಳಿವೆಯಲ್ಲ, ಅವರಿಗೋಸ್ಕರ. ಪಿಡಿಎಫ್ ಅವರ ವೆಬ್‌ಸೈಟಲ್ಲೇ ಸಿಗುತ್ತೆ. ಮಹಾರಾಷ್ಟ್ರದಲ್ಲಿ ಬೆಳೆಯೋ ಕನ್ನಡದ ಮಗುಗೆ ಅಂತಾನೇ ಬರೆದಿದ್ದಾದ್ರಿಂದ ನಮ್ಮ ಮಕ್ಕಳಿಗೆ ಸರಿಯಾಗಿ ಒಗ್ಗುತ್ತೆ.

ಇನ್ನು ಡೈರಿ. ಸ್ಕೂಲಲ್ಲಿ ಎರಡನೇ ಕ್ಲಾಸಲ್ಲಿ ಡೈಲಿ ಡೈರಿ ಬರೀರಿ ಅಂತ ಹೋಮ್‌ವರ್ಕ್ ಶುರುಮಾಡಿದ್ರು, ಇಂಗ್ಲಿಷಲ್ಲಿ. 'ಎದ್ದೆ, ಹಲ್ಲುಜ್ಜಿದೆ, ಸ್ಕೂಲಿಗೆ ಹೋದೆ, ಊಟ ಮಾಡಿದೆ, ಮಲಗಿದೆ.' ಮಾರನೇ ದಿನವೂ ಅದೇ. ಸ್ಪೆಲಿಂಗಿಗೆ ಕೆಂಪು ಗೆರೆ, ಕೆಳಗೊಂದು ಗುಡ್. ಒಂದು ತಿಂಗಳಲ್ಲಿ ಡೈರಿ ಅಂದ್ರೆ ಮುಖ ಸಿಂಡರಿಸೋ ಹಂಗಾಯ್ತು. ನಾನು ಅದನ್ನ ಅದರ ಪಾಡಿಗೆ ಬಿಟ್ಟು ಮನೇಲಿ ಬೇರೆ ನೋಟ್‌ಬುಕ್ ಕೊಟ್ಟೆ, ನೂರು ಪೇಜಿಂದು, ರಟ್ಟಿನ ಬೈಂಡು, ತಾರೀಖು ಪ್ರಿಂಟ್ ಇಲ್ಲದ್ದು. ಬ್ಯಾಂಕಿಂದ, ಎಲ್‌ಐಸಿ ಏಜೆಂಟ್ ಕಡೆಯಿಂದ ಬರೋ ಡೈರಿ ಮಾತ್ರ ಮಕ್ಕಳಿಗೆ ಕೊಡಬೇಡಿ, ನಾಲ್ಕು ದಿನ ತಪ್ಪಿದ್ರೆ ನಾಲ್ಕು ಖಾಲಿ ಪೇಜು ಮುಖಕ್ಕೆ ಹೊಡೆದ ಹಾಗೆ ಕಾಣುತ್ತೆ, ಆಮೇಲೆ ಮುಟ್ಟೋದೇ ಇಲ್ಲ. ಬರೆಯೋಕೆ ಇಷ್ಟ ಆದ ದಿನ ಬರಿ, ಮೇಲೆ ತಾರೀಖು ನೀನೇ ಹಾಕ್ಕೋ ಅಂದೆ. ಏನು ಬರೀಲಿ ಅಂದ್ರೆ ಇವತ್ತು ಏನಾಯ್ತು ಅಂತ ಕೇಳ್ತಿರಲಿಲ್ಲ, ಅದಕ್ಕೆ ಏನೂ ಇಲ್ಲ ಅನ್ನೋದೇ ಉತ್ತರ. ಇವತ್ತು ಯಾರ ಡಬ್ಬೀಲಿ ಏನಿತ್ತು, ಬಸ್ ಅಂಕಲ್ ಯಾರಿಗೆ ಬೈದ್ರು, ಯಾವುದಕ್ಕೆ ಸಿಟ್ಟು ಬಂತು, ಇಂಥಾದ್ದು. ಡಬ್ಬಿ ವಿಷಯ ತೆಗೆದ್ರೆ ಸಾಕು ಒಂದು ಪೇಜ್ ತುಂಬೋದು, ಥಾಲಿಪೀಟು ಯಾರದ್ದು, ಸಾಬೂದಾಣಾ ಖಿಚಡಿ ಯಾರದ್ದು, ನಮ್ಮ ಅವಲಕ್ಕಿಗೆ ಎಷ್ಟು ಜನ ಕೈ ಹಾಕಿದ್ರು ಎಲ್ಲಾ ಲೆಕ್ಕ.

ಬರೆದಿದ್ದು ಯಾವ ಭಾಷೇಲಿ ಗೊತ್ತಾ, ಕನ್ನಡದಲ್ಲಿ. ಆದ್ರೆ ಲಿಪಿ ದೇವನಾಗರಿ! ಮರಾಠಿ ಬರೆಯೋಕೆ ಕಲ್ತಿದ್ಲಲ್ಲ, ಅದೇ ಅಕ್ಷರದಲ್ಲಿ ನಮ್ಮ ಮನೆ ಮಾತನ್ನ ಇಳಿಸಿದ್ಲು. ನೋಡಿದೋರು ಇದೆಂಥಾ ಕನ್ನಡ, ಮೊದಲು ಅಆಇಈ ತಿದ್ದಿಸಿ ಅಂದ್ರು. ನಾನು ಕೇಳಲಿಲ್ಲ. ಮನಸ್ಸಲ್ಲಿರೋದು ಕೈಗೆ ಬರ್ತಾ ಇದೆ, ಅದೂ ನಮ್ಮ ಮಾತಲ್ಲೇ ಬರ್ತಾ ಇದೆ, ಈಗ ಹೋಗಿ ಲಿಪಿ ಸರಿ ಇಲ್ಲ ಅಂತ ಪೆನ್ಸಿಲ್ ಕಿತ್ಕೊಂಡ್ರೆ ಎರಡೂ ಹೋಗುತ್ತೆ. ಅಪ್ಪನ ಧಾರವಾಡ ಕನ್ನಡ, ನನ್ನ ಕನ್ನಡ ಎರಡೂ ಕಲಸಿ ಒಂದೇ ಸಾಲಲ್ಲಿ 'ಬಂದಾಳ', 'ಬಂದ್ಳು' ಎರಡೂ ಇರೋವು. ಅದನ್ನೂ ಮುಟ್ಟಲಿಲ್ಲ.

ತಿದ್ದೋ ಬದಲು ನಾನು ಮಾಡಿದ್ದು ಉತ್ತರ ಬರೆಯೋದು. ಅವಳು ಬರೆದ ಪೇಜಿನ ಕೆಳಗೆ ಎರಡು ಮೂರು ಸಾಲು, ಕಾಗದ ಬರೆದ ಹಾಗೆ. ಅವಳು ಯಾವುದೋ ಪದಾನ ತಪ್ಪು ಬರೆದಿದ್ರೆ ನನ್ನ ಉತ್ತರದಲ್ಲಿ ಅದೇ ಪದ ಸರಿಯಾಗಿ ಬರೋ ಹಂಗೆ ಒಂದು ಸಾಲು ಹಾಕ್ತಿದ್ದೆ, ತಪ್ಪು ಅಂತ ಹೇಳ್ತಿರಲಿಲ್ಲ. ಅವಳೇ ಕಂಡುಹಿಡಿಯೋಳು, ಒಮ್ಮೊಮ್ಮೆ ಕಂಡುಹಿಡೀತಿರ್ಲಿಲ್ಲ, ಇರಲಿ. ಮೇಷ್ಟ್ರುಗಳು ಇದಕ್ಕೆ ಡಯಲಾಗ್ ಜರ್ನಲ್ ಅಂತಾರೆ, ಬೇರೆ ಭಾಷೆ ಕಲಿಸೋ ಕ್ಲಾಸುಗಳಲ್ಲಿ ಮಾಡ್ತಾರಂತೆ. ಉತ್ತರದಲ್ಲಿ ಒಂದು ಪ್ರಶ್ನೆ ಇರಲೇಬೇಕು. 'ಹೌದಾ, ಆ ಖಿಚಡಿ ಹುಡುಗ ಆಮೇಲೆ ಏನ್ ತಿಂದ?' ಅಂತ ಬರೆದ್ರೆ ಮಾರನೇ ದಿನ ಅದಕ್ಕೆ ಉತ್ತರ ತಯಾರು. ನನ್ನ ಕಡೆಯಿಂದ ಉತ್ತರ ಬರದೇ ಇದ್ದ ವಾರ, ಮಾರ್ಚ್ ಕ್ಲೋಸಿಂಗ್ ಟೈಮಲ್ಲಿ, ಡೈರೀಲೂ ಏನೂ ಇರ್ತಿರ್ಲಿಲ್ಲ. ಯಾರೂ ಓದಲ್ಲ ಅಂದ್ರೆ ಯಾಕ್ ಬರೀಬೇಕು ಅನ್ನೋದು ಅವಳ ನ್ಯಾಯ, ಸರಿಯಾದ ನ್ಯಾಯಾನೇ ಅದು.

ಒಂದು ಕರಾರು ಮಾತ್ರ ಮೊದಲೇ ಆಗಿತ್ತು, ಮಡಚಿದ ಪೇಜು ನಾನು ನೋಡೋ ಹಾಗಿಲ್ಲ. ಮೂಲೆ ಅಲ್ಲ, ಉದ್ದಕ್ಕೆ ಅರ್ಧ ಮಡಚೋದು. ಇದನ್ನ ಪಾಲಿಸೋದು ಹೇಳಿದಷ್ಟು ಸುಲಭ ಅಲ್ಲ ಕಣ್ರೀ. ಮಗು ಸಪ್ಪಗೆ ಮನೆಗೆ ಬಂದಿರುತ್ತೆ, ಸ್ಕೂಲಲ್ಲಿ ಏನೋ ಆಗಿರುತ್ತೆ, ಪೇಜು ಮಡಚಿ ಇಟ್ಟಿರುತ್ತೆ, ಅದು ನಿದ್ದೆ ಹೋಗಿದೆ, ಪುಸ್ತಕ ಅಲ್ಲೇ ಟೀಪಾಯ್ ಮೇಲಿದೆ. ಕೈ ತುರಿಸುತ್ತೆ. ಆದ್ರೆ ಒಮ್ಮೆ ಬಿಚ್ಚಿದ್ರೆ ಮಗುಗೆ ಗೊತ್ತಾಗೇ ಆಗುತ್ತೆ, ಮಡಿಕೆ ಹೇಳಿಬಿಡುತ್ತೆ, ಆಮೇಲೆ ಆ ನೋಟ್‌ಬುಕ್ಕಲ್ಲಿ ಬರೋದು ಎದ್ದೆ ಹಲ್ಲುಜ್ಜಿದೆ ಅಷ್ಟೇ. ಏನೋ ಆಗಿದೆ ಅನ್ಸಿದ್ರೆ ಬಾಯಲ್ಲಿ ಕೇಳಿ. ಬರ್ತ್‌ಡೇಗೆ ಯಾರೋ ಬೀಗ ಇರೋ ಡೈರಿ ಕೊಟ್ಟಿದ್ರು, ಪಿಂಕ್ ಕಲರ್ದು, ಅದರ ಕೀಲಿ ಮೂರನೇ ದಿನ ಕಳೆದು ಈಗ ಬೊಂಬೆ ಆಟದ ತಿಜೋರಿ ಆಗಿದೆ.

ಲಿಪಿ ಹೇಗೆ ಬಂತು ಅಂದ್ರೆ, ಅತ್ತೆಯಿಂದ. ಅವರು ಧಾರವಾಡದಲ್ಲೇ ಇರೋದು, ವಾಟ್ಸಾಪಲ್ಲಿ ಬರೀ ಹೂವಿನ ಫೋಟೋ ಕಳಿಸೋರು. ನಾನು ಮಗಳ ಕೈಗೆ ಪೋಸ್ಟ್ ಕಾರ್ಡ್ ಕೊಟ್ಟು ಅಜ್ಜಿಗೆ ಬರಿ ಅಂದೆ. ಐವತ್ತು ಪೈಸೆ, ಇವತ್ತಿಗೂ ಐವತ್ತೇ ಪೈಸೆ. ಕಾತ್ರಜ್ ಝೂಗೆ ಹೋಗಿ ಬಂದಿದ್ವಿ ಆವಾಗ, ಅಲ್ಲಿ ದೊಡ್ಡ ಕೆರೆ ಇದೆ, ಜೊತೆಗೆ 1986ರಿಂದ ಇರೋ ಸ್ನೇಕ್ ಪಾರ್ಕೂ ಇದೆ. ಇವಳು ನಾಗರೀಲಿ 'ಕಾತ್ರಜ್‌ನಲ್ಲಿ ದೊಡ್ಡ ಕೆರೆ ನೋಡಿದೆ, ಅಪ್ಪ ಹತ್ರ ಹೋಗ್ಬೇಡ ಅಂದ್ರು' ಅಂತ ಬರೆದು ಹಾಕಿದ್ಲು. ಕಾರ್ಡ್ ಸೇರಿದ ದಿನ ಅತ್ತೆ ಫೋನು, "ಅಯ್ಯ, ಅಷ್ಟ ದೊಡ್ಡ ಕೇರೆ ಹಾವ ನೋಡ್ಯಾಳಂತಲ್ಲ ನನ್ನ ಮೊಮ್ಮಗಳು, ಅಂಜಲಿಲ್ಲೇನ ನೀ?" ನಾಗರೀಲಿ ನಮ್ಮ ಎ-ಏ ಎರಡಕ್ಕೂ ಒಂದೇ ಗುರುತು, ಕೆರೆನೂ ಕೇರೇನೂ ಒಂದೇ ಥರ ಕಾಣುತ್ತೆ, ಪಾಪ ಅಜ್ಜಿದೇನು ತಪ್ಪು. ಇವಳಿಗೆ ಉರಿದುಹೋಯ್ತು, ನಾನು ನೋಡಿದ್ದು ನೀರು ಅಂತ ಕಿರುಚಾಡಿದ್ಲು. ಆವತ್ತೇ ಕೂರಿಸ್ಕೊಂಡು ಕನ್ನಡದಲ್ಲಿ ಗಿಡ್ಡ ಎ ಹೇಗೆ, ಉದ್ದ ಏ ಹೇಗೆ, ಒ-ಓ ಹೇಗೆ ಅಂತ ತೋರಿಸಿದೆ.

ಅದರ ಮೇಲೆ ಅಜ್ಜಿ ಉತ್ತರ ಬಂತು, ಕನ್ನಡ ಅಕ್ಷರದಲ್ಲಿ, ಕಾರ್ಡಿನ ಅಂಚಲ್ಲೂ ಬಿಡದೇ ಬರೆದಿದ್ರು. ನಾನು ಓದಿ ಹೇಳ್ತೀನಿ ಅಂದ್ರೆ ಬೇಡ, ಅದು ನನಗೆ ಬಂದಿರೋದು ಅಂತ ಕಿತ್ಕೊಂಡ್ಲು. ವರ್ಣಮಾಲೆ ಚಾರ್ಟು ಪಕ್ಕ ಇಟ್ಕೊಂಡು ಒಂದೊಂದೇ ಅಕ್ಷರ ಹುಡುಕಿ ಮೇಲೆ ಪೆನ್ಸಿಲಲ್ಲಿ ನಾಗರಿ ಬರ್ಕೊಂಡು ಓದಿದ್ಲು. ಮರಾಠಿ ಬರೋ ಮಗುಗೆ ಕನ್ನಡ ಲಿಪಿ ಅಷ್ಟೇನೂ ದೂರ ಇಲ್ಲ ರೀ, ಕ ಖ ಗ ಘ ಅದೇ ಸಾಲು, ಅದೇ ಕ್ರಮ, ಹಿಂದೀಲಿ ಇಲ್ಲದ ಳ ಕೂಡ ಮರಾಠೀಲಿ ಇದೆ. ಅರ್ಕಾವೊತ್ತು ತಕ್ಷಣ ಹತ್ತಿತು, ಅವರಲ್ಲಿ ಅಕ್ಷರದ ತಲೆ ಮೇಲೆ ಕೂರೋ ರಫಾರ ನಮ್ಮಲ್ಲಿ ಪಕ್ಕಕ್ಕೆ ಇಳಿದಿದೆ ಅಷ್ಟೇ. ಕಷ್ಟ ಆಗಿದ್ದು ಒತ್ತಕ್ಷರ, ನಾಗರೀಲಿ ಮೊದಲನೇ ಅಕ್ಷರ ಅರ್ಧ ಆಗುತ್ತೆ, ನಮ್ಮಲ್ಲಿ ಎರಡನೇದು ಕೆಳಗೆ ಇಳಿಯುತ್ತೆ, ಬಹಳ ದಿನ ಉಲ್ಟಾ ಬರೆದ್ಲು. ಮ ಮತ್ತೆ ವ ಈಗ್ಲೂ ಅದಲುಬದಲು ಆಗುತ್ತೆ. ಡೈರೀಲಿ ಮೊದಲು ಹೆಸರುಗಳು ಕನ್ನಡಕ್ಕೆ ಬಂದ್ವು, ಆಮೇಲೆ ಸಣ್ಣ ಪದಗಳು, ಕೊನೆಗೆ ಪೂರ್ತಿ ಸಾಲು. ಒಂದೇ ಪೇಜಲ್ಲಿ ಎರಡೂ ಲಿಪಿ ಇರೋ ನೋಟ್‌ಬುಕ್ ಇನ್ನೂ ಇಟ್ಟಿದೀನಿ.

ಮರಾಠಿ ಜಾಸ್ತಿ ಆದ್ರೆ ಕನ್ನಡ ಹೋಗುತ್ತೆ ಅಂತ ಹೆದರೋರಿಗೆ ಒಂದು ಮಾತು. ಬಾಲಭಾರತಿಯವರದ್ದೇ 'ಕಿಶೋರ್' ಅಂತ ಮಕ್ಕಳ ಮಾಸಿಕ ಇದೆ, 1971ರಿಂದ ಬರ್ತಾ ಇದೆ, ಮಗಳಿಗೆ ಪ್ರಾಣ. ಪಂಚಗಣಿ ಹತ್ರ ಭಿಲಾರ್ ಅಂತ ಊರು, ಸ್ಟ್ರಾಬೆರಿ ಬೆಳೆಯೋರ ಊರು, 2017ರ ಮೇನಲ್ಲಿ ಅದನ್ನ ಪುಸ್ತಕಗಳ ಊರು ಅಂತ ಮಾಡಿದ್ರು. ಮನೆ ಜಗುಲಿ, ದೇವಸ್ಥಾನ, ಶಾಲೆ ಎಲ್ಲಾ ಕಡೆ ಕಪಾಟು, ಒಂದು ಮನೇಲಿ ಮಕ್ಕಳ ಪುಸ್ತಕ, ಇನ್ನೊಂದರಲ್ಲಿ ಕವಿತೆ, ಯಾರು ಬೇಕಾದ್ರೂ ಹೋಗಿ ಕೂತು ಓದಬಹುದು. ಹೆಚ್ಚಿನದೆಲ್ಲಾ ಮರಾಠೀನೇ. ನಾವು ಮಹಾಬಳೇಶ್ವರಕ್ಕೆ ಅಂತ ಹೊರಟವರು ಅಲ್ಲೇ ಮಧ್ಯಾಹ್ನ ಪೂರ್ತಿ ಕಳೆದ್ವಿ, ಗೊತ್ತಿಲ್ಲದವರ ಪಡಸಾಲೇಲಿ ಇವಳು ಕಾಲು ಚಾಚ್ಕೊಂಡು ಓದ್ತಾ ಕೂತಿದ್ಲು, ಆ ಮನೆ ಆಜಿ ತಟ್ಟೇಲಿ ಸ್ಟ್ರಾಬೆರಿ ತಂದಿಟ್ರು. ರಾತ್ರಿ ಅದನ್ನ ಡೈರೀಲಿ ಬರೆದಿದ್ದು ಕನ್ನಡದಲ್ಲಿ. ಓದಿನ ಚಟ ಯಾವ ಭಾಷೇಲಿ ಹತ್ತಿದ್ರೂ ಹತ್ತಿದ್ದೇ, ಬರೆಯೋ ಭಾಷೆ ಮಾತ್ರ ಯಾರಿಗೆ ಬರೀತಿದೀವಿ ಅನ್ನೋದರ ಮೇಲೆ ಹೋಗುತ್ತೆ.

ಈಗ ಸ್ಥಿತಿ ಏನಂದ್ರೆ, ಡೈರೀಲಿ ಮಡಚಿದ ಪೇಜೇ ಜಾಸ್ತಿ, ನನ್ನ ಉತ್ತರದ ಕೆಲಸ ಕಮ್ಮಿ ಆಗಿದೆ. ಕತೆ ಎಲ್ಲಾ ಅಜ್ಜಿಗೆ ಹೋಗುತ್ತೆ. ಕಾರ್ಡಲ್ಲಿ ಜಾಗ ಸಾಲಲ್ಲ, ಅದಕ್ಕೆ ಕೊನೇಲಿ 'ಮುಂದುವರಿಯುವುದು' ಅಂತ ಹಾಕಿ ಕಳಿಸ್ತಾಳೆ, ಇದನ್ನ ಅಜ್ಜಿಯ ಹಳೇ ಪತ್ರಿಕೆಗಳಿಂದ ಕದ್ದಿದ್ದು. ಎರಡನೇ ಕಾರ್ಡ್ ಮೊದಲೇ ತಲುಪಿದ್ರೆ ಧಾರವಾಡದಿಂದ ಫೋನು, "ಕಳ್ಳ ಸಿಕ್ಕೇಬಿಟ್ಟಾನಲ್ಲವಾ, ಕದ್ದಿದ್ದು ಯಾವಾಗ?" ಅದಕ್ಕೆ ಈಗ ಕಾರ್ಡಿನ ಮೂಲೇಲಿ ನಂಬರ್ ಹಾಕೋ ಪದ್ಧತಿ ಮಾಡಿದೀವಿ. ನೀವೂ ಶುರುಮಾಡೋದಾದ್ರೆ ಕಾರ್ಡು ಒಂದೆರಡು ತರಬೇಡಿ, ಒಂದು ಕಟ್ಟೇ ತಂದಿಡಿ, ಮತ್ತೆ ಉತ್ತರ ಬರೆಯೋ ಅಜ್ಜಿ ತಾತ ಯಾರಿದಾರೋ ಅವರಿಗೂ ವಿಳಾಸ ಬರೆದು ಒಂದಿಷ್ಟು ಕಾರ್ಡ್ ಮೊದಲೇ ಕೊಟ್ಟು ಬನ್ನಿ, ಇಲ್ಲಾಂದ್ರೆ ಅವರು ಫೋನಲ್ಲೇ ಮುಗಿಸಿಬಿಡ್ತಾರೆ.