ಜೋಕರ್ ಎಬ್ಬಿಸಿದ ಮುನಿಸು

ಕುವೆಂಪುನಗರದ ನಮ್ಮ ತಾರಸಿಯಲ್ಲಿ ಭಾನುವಾರ ಸಂಜೆ ಐದು ಮಂದಿ ರಮ್ಮಿ ಆಡುತ್ತೇವೆ. ಹಣ ಕಟ್ಟುವುದಿಲ್ಲ, ಸೋತವರು ಮುಂದಿನ ವಾರ ಬಜ್ಜಿ ತರಬೇಕು. ಇಷ್ಟು ಸಣ್ಣ ಆಟದಲ್ಲೇ ಇಬ್ಬರು ಹಿರಿಯರು ಮಾತು ಬಿಟ್ಟರು.

ಅಂದು ಜೋಕರ್ (ಬೇರೆ ಎಲೆಯ ಬದಲು ಇಡಬಹುದಾದ ಎಲೆ) ಆಗಿ ಬಂದದ್ದು ಆಟೀನ್ 7. ಮೇಷ್ಟರು ಆಟೀನ್ 6, 7, 8 ಜೋಡಿಸಿ ಆಟ ಮುಗಿಸಿದರು. ಆಟ ಮುಗಿಸಲು ಬೇಕೇ ಬೇಕಾದ ಶುದ್ಧ ಸೀಕ್ವೆನ್ಸ್ (ಬೇರೆ ಎಲೆಯ ಬದಲು ಜೋಕರ್ ಇಡದ, ಒಂದೇ ಜಾತಿಯ ಎಲೆಗಳ ಸಾಲು) ಎಂದು ಅವರ ಬಳಿ ಇದ್ದದ್ದು ಅದೊಂದೇ. “ಜೋಕರ್ ಸೇರಿದೆ, ನಡೆಯುವುದಿಲ್ಲ. ದಂಡ 80 ಅಂಕ ಬರೆಯಿರಿ” ಎಂದರು ರಾಯರು. “ಇಷ್ಟು ವರ್ಷ ಪಾಠ ಮಾಡಿದವರಿಗೆ ಇದೂ ತಿಳಿಯದೇ?” ಎಂಬ ಒಗ್ಗರಣೆ ಬೇರೆ. ಮೇಷ್ಟರು ಎಲೆಗಳನ್ನು ಕೆಳಗಿಟ್ಟು ಎದ್ದುಹೋದರು.

ನಾನು ಮೊದಲು ಹಿಡಿದದ್ದು ತಪ್ಪು ದಾರಿ. ಜೋಕರ್ ತನ್ನ ಸ್ವಂತ ಜಾಗದಲ್ಲೇ ಕುಳಿತರೆ ಸೀಕ್ವೆನ್ಸ್ ಶುದ್ಧವೇ ಎಂಬ ನಿಯಮವನ್ನು ರಾಯರಿಗೆ ಹೇಳಿ ಒಪ್ಪಿಸಿದೆ. ಆದರೂ ಮೇಷ್ಟರು ಎರಡು ವಾರ ಬರಲಿಲ್ಲ. ಮನೆಗೇ ಹೋದೆ. ಕಾಫಿ ಕೊಟ್ಟು, “ಅಂಕ ಹಾಳಾಗಲಿ. ನನ್ನ ಶಿಷ್ಯನ ಎದುರು ಆ ಮಾತು ಬೇಕಿತ್ತೇ? ನೀವೂ ನಕ್ಕಿರಿ” ಎಂದರು. ನಕ್ಕಿದ್ದೆ, ನಿಜ. ಅಲ್ಲೇ ಕ್ಷಮೆ ಕೇಳಿದೆ.

ರಾಯರಿಗೆ ಇದನ್ನು ಎಲ್ಲರ ಮುಂದೆ ಹೇಳದೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಭಾನುವಾರ ಮಾತ್ರ ಮೇಷ್ಟರ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ, “ಹತ್ತಿ ಮೇಷ್ಟರೇ, ಹೊತ್ತಾಯಿತು” ಎಂದರಂತೆ.

ಈಗ ಅಂಕದ ಪುಸ್ತಕದ ಮೊದಲ ಪುಟದಲ್ಲಿ ನಿಯಮಗಳಿವೆ: ಆಟವನ್ನು ಮೊದಲೇ ಬಿಟ್ಟರೆ ದಂಡ 20 ಅಂಕ, ನಡುವೆ ಬಿಟ್ಟರೆ 40, ತಕರಾರು ಬಂದರೆ ಮತ್ತೆ ಎಲೆ ಹಂಚುವುದು. ಬರೆದವರು ಮೇಷ್ಟರು. ಆ ವಾರ ಬಜ್ಜಿ ತಂದವನು ನಾನು.